ಹೊಳೆಯೊಳಗಿನ ಗಡಿಕಲ್ಲು

ಪಹಣಿಯಲ್ಲಿ ನಮ್ಮ ಜಾಗ 1 ಎಕ್ರೆ 24 ಸೆಂಟ್ಸ್. ಅಳೆದಾಗ ನೆಲದ ಮೇಲೆ ಸಿಕ್ಕಿದ್ದು 1 ಎಕ್ರೆ 10 ಸೆಂಟ್ಸ್. ಉಳಿದ 14 ಸೆಂಟ್ಸ್ ಹೊಳೆಯಲ್ಲಿದೆ. ಅದಕ್ಕೂ ಸೇರಿಸಿ ಅಪ್ಪಯ್ಯ ವರ್ಷವೂ ತೀರ್ವೆ, ಅಂದರೆ ಕಂದಾಯ, ಕಟ್ಟುತ್ತಿದ್ದರು.

ನಮ್ಮದು ಕುಂದಾಪುರ ಕಡೆಯ ಒಂದು ಸಣ್ಣ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಹತ್ತಿರ ಕಡಲಿಗೆ ಬೀಳುತ್ತವಲ್ಲ, ಆ ಸೀಮೆ. ಹಿಂದೆ ಹೊಳೆ, ಮುಂದೆ ಸ್ವಲ್ಪ ದೂರದಲ್ಲಿ ಕಡಲು. ಹೊಳೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ತೆಂಗಿನ ತೋಟ, ಒಂದು ತುಂಡು ಬೈಲು ಗದ್ದೆ, ಮುರಕಲ್ಲಿನ ಗೋಡೆಯ ಹಂಚಿನ ಮನೆ, ಒಂದು ಬಾವಿ, ಮೂಲೆಯಲ್ಲಿ ನಾಗಬನ. ಇಷ್ಟೇ ನಮ್ಮ ಆಸ್ತಿ.

ಅಪ್ಪಯ್ಯ ತೀರಿಕೊಂಡಿದ್ದು 2019ರ ಜುಲೈಯಲ್ಲಿ, ಜೋರು ಮಳೆಯಲ್ಲಿ. ನಾವು ಮೂವರು ಮಕ್ಕಳು. ಅಣ್ಣಯ್ಯ ಊರಲ್ಲೇ ಇದ್ದು ತೋಟ ನೋಡಿಕೊಂಡವನು. ಅಕ್ಕ ಶಿವಮೊಗ್ಗದಲ್ಲಿ, ನಾನು ಬೆಂಗಳೂರಿನಲ್ಲಿ. ಆ ವರ್ಷ ಮನೆಯ ಮಾಡು ಸೋರುತ್ತಿತ್ತು. ಪಕ್ಕಾಸು ಬದಲಿಸಲು ಅಣ್ಣಯ್ಯ ಸಾಲಕ್ಕೆ ಹೋದ. ಜಾಗ ನಿಮ್ಮ ಹೆಸರಲ್ಲಿ ಇಲ್ಲ ಅಂದರು. ಪಹಣಿ ತೆಗೆಸಿ ನೋಡಿದರೆ ಅದು ಅಪ್ಪಯ್ಯನ ಹೆಸರಲ್ಲೂ ಇರಲಿಲ್ಲ. 9ನೇ ಕಾಲಂನಲ್ಲಿ ಅಜ್ಜಯ್ಯನ ಹೆಸರು. ಅಜ್ಜಯ್ಯ ಹೋಗಿದ್ದು 1988ರಲ್ಲಿ.

ಅಜ್ಜಯ್ಯ ಈ ಜಾಗದಲ್ಲಿ ಚಾಲಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಒಡೆಯರ ಮನೆಗೆ ಹೊತ್ತು ಹಾಕಬೇಕಿತ್ತು. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಉಳುವವನೇ ಒಡೆಯ ಅಂತಾಯಿತು. ನಮ್ಮ ಕಡೆ ಹಳಬರು ಈಗಲೂ "ಡಿಕ್ಲರೇಶನ್ ಕೊಟ್ಟ ಜಾಗ" ಅಂತಲೇ ಹೇಳುತ್ತಾರೆ. ನಮೂನೆ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡುವುದು, ವಿಚಾರಣೆ ಆಗುವುದು, ಆಮೇಲೆ ಜಾಗ ಒಕ್ಕಲಿನದ್ದೇ ಅನ್ನುವ ನಮೂನೆ 10 ಬರುವುದು. ಆ ನಮೂನೆ 10 ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮಡಿಚಿದ ಗೆರೆಯಲ್ಲಿ ಹರಿದಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನಿಜವಾಗಿಯೂ ಗಂಟಲು ಕಟ್ಟಿತು. ಅಷ್ಟು ಕಷ್ಟಪಟ್ಟು ಬಂದ ಕಾಗದ, ಮೂವತ್ತು ವರ್ಷ ಯಾರೂ ಮುಂದಕ್ಕೆ ಸಾಗಿಸಿರಲಿಲ್ಲ.

ಅಪ್ಪಯ್ಯನನ್ನು ದೂರುವ ಮನಸ್ಸಿಲ್ಲ. ಊರಲ್ಲಿ ಯಾರೂ ಮಾಡಿಸುತ್ತಿರಲಿಲ್ಲ. ಜಾಗ ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಕಾಗದ ಯಾಕೆ ಅಂತ.

2020ರ ಜನವರಿಯಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಬಂದೆ. ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಪೂರ್ತಿ ಮುಗಿಯಲು ಸುಮಾರು ಮೂರು ವರ್ಷ ಹಿಡಿಯಿತು.

ಮೊದಲು ಬೇಕಾಗಿದ್ದು ವಂಶವೃಕ್ಷ. ಕಾಗದಪತ್ರ ಬರೆದುಕೊಡುವ ಒಬ್ಬರ ಹತ್ತಿರ ಹೋದೆವು. ಅವರು ಅಜ್ಜಯ್ಯನ ಹೆಸರು ಬರೆದರು. ಕೆಳಗೆ ಒಂದು ಗೆರೆ ಎಳೆದು ಅಪ್ಪಯ್ಯನ ಹೆಸರು. ಅದರ ಕೆಳಗೆ ನಮ್ಮ ಮೂವರ ಹೆಸರು. ಐದು ನಿಮಿಷದಲ್ಲಿ ವೃಕ್ಷ ಮುಗಿಯಿತು.

"ಅತ್ತೆಯ ಹೆಸರು?" ಅಂತ ಕೇಳಿದೆ. ಅಪ್ಪಯ್ಯನಿಗೆ ಒಬ್ಬಳು ತಂಗಿ ಇದ್ದಾಳೆ. ಮೂರು ಊರು ಆಚೆಗೆ ಕೊಟ್ಟಿದ್ದು.

"ಮದುವೆ ಆಗಿ ಹೋದವ್ರದ್ದು ಯಾಕೆ? ಸುಮ್ನೆ ತೊಂದರೆ. ಮತ್ತೆ ಅವ್ರ ಸೈನಿಗೆ ಅಲೆಯಬೇಕು" ಅಂದರು. ಅಣ್ಣಯ್ಯನೂ ಮಾತಾಡಲಿಲ್ಲ.

ನಾನು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಪೇಟೆಯಲ್ಲಿ ಒಬ್ಬರು ವಕೀಲರನ್ನು ನೋಡಿದೆ. ಅವರು ಬಿಡಿಸಿ ಹೇಳಿದರು. ನಮ್ಮದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆ ಅಲ್ಲ, ತಂದೆಯಿಂದ ಮಕ್ಕಳಿಗೆ ಇಳಿಯುವ ಮಕ್ಕಳಸಂತಾನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲು ಬರೆಯದೆ ಸತ್ತವನ ಮಗ, ಮಗಳು ಇಬ್ಬರೂ ಮೊದಲ ದರ್ಜೆಯ ವಾರಸುದಾರರು. ಮಗಳಿಗೆ ಮದುವೆ ಆಗಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ವಂಶವೃಕ್ಷಕ್ಕೆ ಅಫಿಡವಿಟ್ ಕೊಡಬೇಕು. ಒಬ್ಬರನ್ನು ಬಿಟ್ಟು ಕೊಟ್ಟರೆ ಅದು ಸುಳ್ಳು ಪ್ರಮಾಣ. ನಾಳೆ ಅವರ ಮಕ್ಕಳು ಕೋರ್ಟಿಗೆ ಹೋದರೆ ಮಾಡಿದ ಪಾಲೆಲ್ಲ ಬಿದ್ದುಹೋಗಬಹುದು.

ಕಾನೂನು ಹಾಗೆ ಹೇಳದೇ ಇದ್ದರೂ ನನಗೆ ಅದು ಸರಿ ಕಾಣುತ್ತಿರಲಿಲ್ಲ. ಅತ್ತೆ ಹುಟ್ಟಿದ ಮನೆ ಅದು. ಅವಳು ನೇಜಿ ನೆಟ್ಟ ಗದ್ದೆ ಅದು.

ಮರುದಿನ ಅತ್ತೆಯ ಮನೆಗೆ ಹೋದೆ. ಅಣ್ಣಯ್ಯನನ್ನೂ ಕರೆದುಕೊಂಡು ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅತ್ತೆಗೆ ಆಗ ಎಪ್ಪತ್ತಾರು. ನಡುವೆ ಮಾತಾಡದೆ ಕೇಳಿಸಿಕೊಂಡಳು. ಕೊನೆಗೆ ಅಣ್ಣಯ್ಯ, "ಹಕ್ಕು ಖುಲಾಸೆ ಅಂತ ಒಂದು ಪತ್ರ ಇರತ್ತೆ ಅತ್ತೆ, ಅದಕ್ಕೆ ಸೈನ್ ಹಾಕಿದ್ರೆ ಆಯ್ತು" ಅಂದ.

"ಓದಿ ಹೇಳ್ ಕಾಂಬ, ನಾ ಎಂತಕ್ಕೆ ಸೈನ್ ಹಾಕುದ್ ಅಂದೇಳಿ" ಅಂದಳು ಅತ್ತೆ.

ಓದಿ ಹೇಳಿದೆ. ತವರಿನ ಆಸ್ತಿಯಲ್ಲಿ ತನಗಿರುವ ಎಲ್ಲ ಹಕ್ಕನ್ನೂ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ ಅಂತ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಂಗೆ ಸ್ವಂತ ಇಚ್ಛೆ ಇಲ್ಲೆ ಮಗಾ. ರಸ್ತೆ ಬದಿಯಂಗೆ ಹದಿನೈದ್ ಸೆಂಟ್ಸ್ ಕೊಡಿ. ನನ್ ಹೆಸ್ರಲ್ ಇರ್ಲಿ. ಉಳ್ದದ್ದ್ ನಿಮ್ದೆ" ಅಂದಳು.

ದಾರಿಯಲ್ಲಿ ಅಣ್ಣಯ್ಯ ಮಾತಾಡಲಿಲ್ಲ. ಅವನ ಸಂಕಟವೂ ನನಗೆ ಅರ್ಥವಾಗುತ್ತಿತ್ತು. ಪ್ರತಿ ಮಳೆಗಾಲ ಕಳೆದ ಮೇಲೆ ಹೊಳೆಯ ದಂಡೆಗೆ ಕಲ್ಲು ಹೊತ್ತು ಹಾಕಿದವನು ಅವನು. ಅಪ್ಪಯ್ಯನ ಕೊನೆಯ ಎರಡು ವರ್ಷ ಎತ್ತಿ ಕೂರಿಸಿದವನು ಅವನು. ಆದರೆ ಲೆಕ್ಕ ಹಾಕಿದರೆ ಅತ್ತೆ ಅರ್ಧ ಕೇಳಬಹುದಿತ್ತು. ಅವಳು ಕೇಳಿದ್ದು ಹದಿನೈದು ಸೆಂಟ್ಸ್. ಇದನ್ನು ಅವನಿಗೆ ಹೇಳಿದೆ. ಒಪ್ಪಲು ಅವನಿಗೆ ಒಂದು ವಾರ ಬೇಕಾಯಿತು. ಆಮೇಲೆ ಒಂದು ಸಲವೂ ಆ ಮಾತು ಎತ್ತಲಿಲ್ಲ.

ಮುಂದಿನ ತೊಡಕು ಅಜ್ಜಯ್ಯನ ಮರಣ ಪ್ರಮಾಣಪತ್ರ. 1988ರಲ್ಲಿ ಯಾರೂ ಸಾವನ್ನು ಬರೆಸಿರಲಿಲ್ಲ. ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಲು ಆಗ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ಅರ್ಜಿ ಹಾಕಿದೆವು. ಅಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ಎಲ್ಲವೂ ನಿಂತಿತು. ಆ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಪೇಪರಿನಲ್ಲಿ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರದಿದ್ದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ. ಅಕ್ಕ ಅದನ್ನು ಕತ್ತರಿಸಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. ಅಮ್ಮ ಅದನ್ನು ಅಣ್ಣಯ್ಯನ ಮಗಳ ಹತ್ತಿರ ಎರಡು ಸಲ ಓದಿಸಿದಳಂತೆ.

ಕೋರ್ಟಿನ ಆದೇಶ ಸಿಕ್ಕಿದ್ದು 2021ರ ಶುರುವಿನಲ್ಲಿ. ಆ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಕಡಲು ಉಕ್ಕಿ ಹೊಳೆಯ ನೀರು ಹಿಂದಕ್ಕೆ ಒತ್ತಿತು. ದಂಡೆಯ ಮೇಲಿದ್ದ ನಾಲ್ಕು ತೆಂಗಿನ ಮರ ಬುಡಸಮೇತ ಮಗುಚಿದವು. ಬಾವಿಗೆ ಉಪ್ಪು ನೀರು ನುಗ್ಗಿತು. ಮಳೆಗಾಲ ಪೂರ್ತಿ ಆದ ಮೇಲೆಯೇ ಆ ನೀರು ಬಾಯಿಗೆ ಹಾಕಲು ಆಗಿದ್ದು. ದಂಡೆ ಮುಂಚೆಯೂ ಕೊರೆಯುತ್ತಿತ್ತು, ಆದರೆ ಇಷ್ಟು ನನಗೆ ನೆನಪಿಲ್ಲ. ಮುಂಚೆ ದಂಡೆಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇತ್ತು. ಅದರ ಬೇರು ಕೆಸರಿಗೆ ಬಲೆ ಹೆಣೆದ ಹಾಗೆ ಹಿಡಿದು ಮಣ್ಣು ಜಾರದಂತೆ ನಿಲ್ಲಿಸುತ್ತಿತ್ತು. ಸೌದೆಗೆ ಕಡಿದರು, ದೋಣಿ ಕಟ್ಟಲು ಜಾಗ ಮಾಡಲು ಕಡಿದರು. ನಮ್ಮ ಮನೆಯವರೂ ಕಡಿದಿದ್ದಾರೆ.

ವಂಶವೃಕ್ಷ ಆಯಿತು. ಅದರಲ್ಲಿ ಅತ್ತೆಯ ಹೆಸರು ಅಪ್ಪಯ್ಯನ ಹೆಸರಿನ ಪಕ್ಕದಲ್ಲೇ ಕೂತಿತು. ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯೂ ಆಯಿತು. 11ನೇ ಕಾಲಂನಲ್ಲಿ ಅಜ್ಜಯ್ಯನ ಕಾಲದ ಒಂದು ಬೆಳೆ ಸಾಲ ಹಾಗೇ ನಿಂತಿತ್ತು. ತೀರಿಸಿ ಎಷ್ಟೋ ವರ್ಷವಾಗಿತ್ತು, ತೆಗೆಸಿರಲಿಲ್ಲ. ಸೊಸೈಟಿಯಿಂದ ಬಾಕಿ ಇಲ್ಲ ಅನ್ನುವ ಪತ್ರ ತಂದು ಅದನ್ನೂ ತೆಗೆಸಿದೆವು. ನೀವು ಪಹಣಿ ನೋಡುವಾಗ ಹೆಸರು ಮಾತ್ರ ನೋಡಬೇಡಿ, ಈ 11ನೇ ಕಾಲಂ ಕೂಡ ನೋಡಿ.

ಇನ್ನು ಪಾಲು ಮಾಡಬೇಕು. ಒಂದು ಸರ್ವೆ ನಂಬರನ್ನು ತುಂಡು ಮಾಡಿ ಬರೆಸಬೇಕಾದರೆ, ಆ ತುಂಡುಗಳನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅರ್ಜಿ ಹಾಕಿದ ಮೇಲೆ 2022ರ ಜನವರಿಯಲ್ಲಿ ಲೈಸೆನ್ಸ್ ಸರ್ವೆಯರ್ ಬಂದರು. ಸುತ್ತಲಿನ ಜಾಗದವರಿಗೂ ನೋಟಿಸ್ ಹೋಗಿತ್ತು. ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಮೊದಲು ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಇಲ್ಲಿ ಗಡಿಯ ಅಳತೆ ಬರೆದಿಟ್ಟ ಆ ಕಾಲದ ಎಫ್‌ಎಂಬಿ ನಕ್ಷೆಯೇ ಆಧಾರ. ಅಳತೆ ಲಿಂಕ್ಸ್‌ನಲ್ಲಿ ಇರುತ್ತದೆ. 100 ಲಿಂಕ್ಸ್ ಅಂದರೆ ಒಂದು ಸರಪಳಿ, 66 ಅಡಿ.

ನಕ್ಷೆಯಲ್ಲಿ ನಮ್ಮ ಜಾಗಕ್ಕೆ ನಾಲ್ಕು ಮೂಲೆ. ಎರಡು ಗಡಿಕಲ್ಲು ರಸ್ತೆಯ ಬದಿ ಸಿಕ್ಕಿದವು. ಒಂದು ನಾಗಬನದ ಹಿಂದೆ ಬಿದಿರು ಮೆಳೆಯೊಳಗೆ ಸಿಕ್ಕಿತು. ನಾಲ್ಕನೆಯದು ಹೊಳೆಯ ಬದಿಯದು, ಅದು ಇರಲಿಲ್ಲ. ಸರ್ವೆಯರ್ ದಂಡೆಯವರೆಗೆ ಅಳೆದರು. ಬಡಗು ಬದಿಯ ಜಾಗದವರು ಅಲ್ಲೇ ನಿಂತಿದ್ದರು. "ಆ ಕಲ್ಲು ಇಲ್ಲದೆ ನೀವು ಗೆರೆ ಎಳೆದ್ರೆ ನನ್ನ ಬೇಲಿಯೊಳಗೆ ಬರ್ತೀರಿ. ನಾನು ಒಪ್ಪುವುದಿಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊಳೆ ಎಷ್ಟು ತಿಂದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಸರ್ವೆಯರ್ ಟೇಪ್ ಸುತ್ತಿಕೊಂಡು, ಹೀಗಿದ್ದರೆ ನಕ್ಷೆ ಮುಗಿಸಲು ಆಗುವುದಿಲ್ಲ ಅಂದರು.

ಅವತ್ತು ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಬೇರೆ ಯಾರನ್ನು ಕೇಳಬೇಕು ಅಂತ ತೋಚಲಿಲ್ಲ. ಅಮ್ಮ ಈ ಮನೆಗೆ ಬರುವ ಹೊತ್ತಿಗೆ ದಂಡೆ ಆಗಲೇ ಜಾರಿತ್ತು.

"ಹೊಳಿ ಬದಿ ಕಲ್ಲಾ? ಅದ್ ಇಲ್ದೇ ಎಲ್ಲಿಗ್ ಹೋತ್ತ್? ಅಪ್ಪಯ್ಯ ದೋಣಿ ಕಟ್ಟುದ್ ಅದ್ಕೇ ಅಲ್ದಾ. ನಾ ಅದ್ರ್ ಮೇಲ್ ಕೂಕಂಡ್ ಚಿಪ್ಪ್ ಹೆಕ್ತಿದ್ದೆ" ಅಂದಳು. ಅವಳ ಅಪ್ಪಯ್ಯ ಅಂದರೆ ನಮ್ಮ ಅಜ್ಜಯ್ಯ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನೀರೊಳ್ಗ್ ಇರತ್ತ್. ಅಮಾಸಿಗ್ ಬಪ್ಕ್ ಹೇಳ್ ಅವ್ರಿಗೆ. ನೀರ್ ಪೂರ್ತಿ ಇಳ್ದಾಗ ಕಾಣತ್ತ್" ಅಂದಳು.

ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಕಡಲಿನ ಬದಿ ಹುಟ್ಟಿದ ನನಗೆ ಇದು ಗೊತ್ತಿತ್ತು. ಆದರೆ ಸರ್ವೆಗೆ ದಿನ ಗೊತ್ತು ಮಾಡುವಾಗ ನೆನಪಾಗಿರಲಿಲ್ಲ.

ಸರ್ವೆಯರ್ ಒಳ್ಳೆಯವರು. ಕೇಳಿಕೊಂಡಾಗ ಇಲ್ಲ ಅನ್ನಲಿಲ್ಲ. ಫೆಬ್ರವರಿ 2ನೇ ತಾರೀಖು, ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ಬಂದರು. ಅತ್ತೆ ಆಟೋ ಮಾಡಿಕೊಂಡು ಬಂದಳು. ಬಡಗು ಬದಿಯವರನ್ನೂ ಕರೆದೆವು. ನೀರು ನಿಧಾನಕ್ಕೆ ಇಳಿಯುತ್ತಿತ್ತು. ಅಮ್ಮ ಎಲ್ಲರಿಗೂ ಚಹಾ ಕೊಟ್ಟಳು. ಅತ್ತೆ ದಂಡೆಯ ಮೇಲೆ ಕೂತು, ಆಚೆ ದಡದಲ್ಲಿ ಒಂದು ಹಳೆಯ ಮಾವಿನ ಮರ, ಈಚೆ ನಮ್ಮ ಬಾವಿಕಟ್ಟೆ, ಇವೆರಡನ್ನೂ ನೋಡುತ್ತಾ ಕೈ ಚಾಚಿ ತೋರಿಸಿದಳು. "ಆ ಸಾಲಂಗೆ. ಇನ್ನೂ ಮುಂದ್ ಹೋಗ್. ಹಾಂ, ಅಲ್ಲೆ."

ಅಣ್ಣಯ್ಯ ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದು ನಡೆದ. ಸಂಜೆ ಐದು ಗಂಟೆಯ ಹೊತ್ತಿಗೆ ಕೋಲಿನಲ್ಲಿ ತಿವಿಯುತ್ತಾ ಹೋದವನಿಗೆ ಟಕ್ ಅಂತ ಸದ್ದು ಕೇಳಿತು. ಬಗ್ಗಿ ಕೈಯಲ್ಲಿ ಕೆಸರು ಬಳಿದ. ಕಲ್ಲಿನ ತಲೆ ಕಾಣಿಸಿತು. ಚಿಪ್ಪು ಮೆತ್ತಿಕೊಂಡಿತ್ತು. ಒಂದು ಬದಿಯಲ್ಲಿ ಹಗ್ಗ ಉಜ್ಜಿ ಸವೆದ ಗುರುತು ಇತ್ತು.

ಸರ್ವೆಯರ್ ರಸ್ತೆ ಬದಿಯ ಕಲ್ಲಿನಿಂದ ಅಲ್ಲಿಗೆ ಅಳೆದರು. ಎಫ್‌ಎಂಬಿಯ ಅಳತೆಗೆ ಸರಿಯಾಗಿ ಕೂತಿತು. ಬಡಗು ಬದಿಯವರು ಕಲ್ಲು ನೋಡಿದರು, ಅತ್ತೆಯನ್ನು ನೋಡಿದರು. ಅವರ ಬೇಲಿಗೆ ಏನೂ ತೊಂದರೆ ಇರಲಿಲ್ಲ. ಅಲ್ಲೇ ಸಹಿ ಹಾಕಿದರು.

ಅಣ್ಣಯ್ಯ ಕೆಸರು ಕಾಲಿನಲ್ಲೇ ಬಂದು ಅತ್ತೆಯ ಪಕ್ಕದಲ್ಲಿ ಕೂತ. ಅತ್ತೆ ತನ್ನ ಲೋಟದಲ್ಲಿ ಉಳಿದಿದ್ದ ಚಹಾವನ್ನು ಅವನಿಗೆ ಕೊಟ್ಟಳು.

ಪಾಲಿನ ಮಾತು ಆಮೇಲೆ ಸುಲಭವಾಯಿತು. ರಸ್ತೆ ಬದಿ 15 ಸೆಂಟ್ಸ್ ಅತ್ತೆಗೆ. ಮನೆ, ಬಾವಿ, ನಾಗಬನ ಸೇರಿ 35 ಅಮ್ಮ ಮತ್ತು ಅಣ್ಣಯ್ಯನಿಗೆ. ನಡುವಿನ 30 ಅಕ್ಕನಿಗೆ. ಹೊಳೆ ಬದಿಯ 30 ನನಗೆ. ಹೊಳೆಯಲ್ಲಿರುವ 14 ಸೆಂಟ್ಸನ್ನು ಯಾರ ಲೆಕ್ಕಕ್ಕೆ ಹಾಕುವುದು? ದಂಡೆ ಯಾರಿಗೆ ಬರುತ್ತದೋ ಅವರ ಪಾಲಿಗೆ ಸೇರಿಸಿ ತೋರಿಸಬೇಕು ಅಂದರು ಸರ್ವೆಯರ್. ಹಾಗಾಗಿ ಕಾಗದದಲ್ಲಿ ನನ್ನದು 44 ಸೆಂಟ್ಸ್. ಕಾಲಿಟ್ಟು ನಡೆಯಲು ಸಿಗುವುದು 30.

ಹೊಳೆ ಬದಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಅಲ್ಲಿ ಹೊಸ ಮನೆ ಕಟ್ಟಲು ಆಗುವುದಿಲ್ಲ ಅಂತ ಗೊತ್ತಿತ್ತು. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ) ಅಧಿಸೂಚನೆಯಲ್ಲಿ, ಹಳ್ಳಿ ಕಡೆ ಉಬ್ಬರದ ನೀರು ಬರುವ ಹೊಳೆಯ ಬದಿ, ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟರೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ನನ್ನ ಪಾಲು ಹೆಚ್ಚುಕಡಿಮೆ ಪೂರ್ತಿ ಅದರೊಳಗೆ ಬರುತ್ತದೆ. ಕಡಲಿನ ಬದಿ ಜಾಗ ಅಂತ ಆಸೆಪಟ್ಟು ಕೊಳ್ಳುವವರು ಇದನ್ನು ಮೊದಲು ವಿಚಾರಿಸಬೇಕು. ಕಡಲ ತೀರಕ್ಕೆ ಬೇರೆ ಅಳತೆ, ಹೊಳೆ ಬದಿಗೆ ಬೇರೆ ಅಳತೆ. ಪಹಣಿಯಲ್ಲಿ ಇದು ಯಾವುದೂ ಬರೆದಿರುವುದಿಲ್ಲ.

ಅಮ್ಮ ಎರಡು ಮಾತು ಬರೆಸಿದಳು. ಬಾವಿಯ ನೀರು ನಾಲ್ಕೂ ಪಾಲಿನವರಿಗೆ ಸೇರಿದ್ದು, ಬಾವಿಗೆ ಹೋಗಲು ಆರು ಅಡಿ ದಾರಿ ಬಿಡಬೇಕು. ನಾಗಬನ ಯಾರ ಪಾಲಿನಲ್ಲಿದ್ದರೂ ನಾಗರಪಂಚಮಿಗೆ ತನು ಎರೆಯಲು ಎಲ್ಲರೂ ಬರಬಹುದು, ಯಾರೂ ಅದನ್ನು ಕಡಿಯುವಂತಿಲ್ಲ. ಇದನ್ನೆಲ್ಲ ಬರೆಯಬೇಕಾ ಅಂತ ಪತ್ರ ಬರೆಯುವವರು ಕೇಳಿದರು. ಬರೆಯಲೇಬೇಕು ಅಂದಳು ಅಮ್ಮ. ಅವಳು ಹೇಳಿದ್ದು ಸರಿ. ದಾರಿ ಬರೆಸದೆ ಮುಂದೆ ಕೋರ್ಟಿಗೆ ಹೋದ ಮನೆಗಳನ್ನು ನಮ್ಮ ಊರಲ್ಲೇ ನೋಡಿದ್ದೇನೆ.

ವಿಭಾಗ ಪತ್ರ ನೋಂದಣಿಯಾಗಿದ್ದು 2022ರ ಆಗಸ್ಟಿನಲ್ಲಿ. ಅತ್ತೆಯ ಹೆಬ್ಬೆಟ್ಟನ್ನು ಆ ಯಂತ್ರ ತೆಗೆದುಕೊಳ್ಳಲಿಲ್ಲ. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು, ಗೆರೆ ಸವೆದಿದೆ. ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಿ, ಮತ್ತೆ ಒತ್ತಿಸಿದರು. ನಾಲ್ಕನೇ ಸಲಕ್ಕೆ ಬಂತು. ಸಹಿ ಹಾಕುವ ಮುಂಚೆ ಇಡೀ ಪತ್ರವನ್ನು ಅವಳಿಗೆ ಅಲ್ಲೇ ಬೆಂಚಿನ ಮೇಲೆ ಕೂತು ಓದಿ ಹೇಳಿದ್ದೆ.

ಅಲ್ಲಿಂದ ಮ್ಯುಟೇಶನ್ನಿಗೆ, ಅಂದರೆ ಪಹಣಿಯಲ್ಲಿ ಹೆಸರು ಬದಲಿಸಲು, ತಾನಾಗಿಯೇ ಹೋಯಿತು. ನೋಟಿಸ್ ಹಚ್ಚಿದರು, ತಕರಾರಿನ ದಿನಗಳು ಕಳೆದವು, ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್ ಬಿತ್ತು. ಒಂದು ಸರ್ವೆ ನಂಬರ್ ನಾಲ್ಕು ಹಿಸ್ಸಾ ಆಯಿತು. ಆ ದೀಪಾವಳಿಯ ಹೊತ್ತಿಗೆ ನಾಲ್ಕು ಪಹಣಿ ಕೈಗೆ ಬಂತು. ಮಾಡಿನ ಕೆಲಸವನ್ನು ಅಣ್ಣಯ್ಯ ಮುಂದಿನ ಬೇಸಿಗೆಯಲ್ಲಿ ಮುಗಿಸಿದ.

ನಾನು ದಂಡೆಯುದ್ದಕ್ಕೂ ಕಾಂಡ್ಲಾ ನೆಡುತ್ತಿದ್ದೇನೆ. ಅದರ ಕೋಡು ಪೆನ್ಸಿಲಿನ ಹಾಗೆ ಉದ್ದಕ್ಕೆ ಇರುತ್ತದೆ, ಇಳಿತದಲ್ಲಿ ಕೆಸರಿಗೆ ಚುಚ್ಚಿದರೆ ಆಯಿತು. ಮೊದಲ ವರ್ಷ ನೆಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನೆರೆಯಲ್ಲಿ ಹೋಯಿತು. ಉಳಿದವು ಈಗ ನನ್ನ ಸೊಂಟದವರೆಗೆ ಬಂದಿವೆ. ಎರಡನೇ ವರ್ಷ ಬಿದಿರಿನ ತಟ್ಟಿ ಕಟ್ಟಿ ನೆಟ್ಟೆ. ಅವು ಚೆನ್ನಾಗಿ ಹಿಡಿದಿವೆ.

ಅತ್ತೆಯ ಪಹಣಿಯನ್ನು ನಾನೇ ಅವಳ ಮನೆಗೆ ತೆಗೆದುಕೊಂಡು ಹೋಗಿದ್ದೆ. ಎಲ್ಲಿದೆ ನನ್ನ ಹೆಸರು ಅಂತ ಕೇಳಿದಳು. ತೋರಿಸಿದೆ. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಅದನ್ನು ಮಡಿಚದೆ ಇಟ್ಟಳು. ಆಮೇಲೆ ಒಳಗೆ ಹೋಗಿ ಅಕ್ಕಿ ಡಬ್ಬಿಯಿಂದ ಒಂದು ನೂರು ರೂಪಾಯಿ ನೋಟು ತಂದು ನನ್ನ ಕೈಯಲ್ಲಿಟ್ಟಳು.

"ಎಂತಕ್ಕೆ ಅತ್ತೆ?"

"ತೀರ್ವಿಗೆ. ರಸೀದಿ ನನ್ ಹೆಸ್ರಲ್ಲೇ ಬರ್ಸ್ಕಂಡ್ ಬಾ."